40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್) ಒಂದು ವ್ಯಾಟಿನ ಟ್ರಾನ್ಸ್‌ಮಿಟರ್: ಕಟ್ಟಿದವರು ಅನುಭವ ಹೇಳಿ

ಹೊಸಕೀಲಿ: ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಈಗಷ್ಟೇ ಕೈಗೆ ಬಂತು. ಒಂದು ವ್ಯಾಟಿನೊಳಗಿನ ಮೋರ್ಸ್ ಟ್ರಾನ್ಸ್‌ಮಿಟರ್ ಕಟ್ಟೋ ಆಸೆ. 7.030 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ, 2ಎನ್2222 ಟ್ರಾನ್ಸಿಸ್ಟರ್ ಒಂದು ಹಿಡಿ ಇದೆ. ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚೋ ಬ್ರೆಡ್‌ಬೋರ್ಡ್ ಮೇಲೆ ಶುರು ಮಾಡಲಾ, ಕಿಟ್ ತರಿಸಲಾ?

ತಾಮ್ರದತಂತಿ: ಬ್ರೆಡ್‌ಬೋರ್ಡ್ ಹೆಸರೇ ಎತ್ತಬೇಡಿ. ಅಕ್ಕಪಕ್ಕದ ಸಾಲುಗಳ ನಡುವೆಯೇ ಕೆಲವು ಪಿಕೋಫ್ಯಾರಡ್ ಬೇಡದ ಕೆಪಾಸಿಟನ್ಸ್ ಕೂತಿರುತ್ತೆ. ನನ್ನ ಆಸಿಲೇಟರ್ (ಸಿಗ್ನಲ್ ಹುಟ್ಟಿಸೋ ಭಾಗ) ಚೆನ್ನಾಗೇ ಓಡ್ತಿತ್ತು. ಪವರ್ ಹಂತ ಸೇರಿಸಿದ್ದೇ ತಡ, ಅದು ತಾನೇ ಆಸಿಲೇಟ್ ಆಗೋಕೆ ಶುರು. ಕೀ ಬಿಟ್ಟರೂ ಸಿಗ್ನಲ್ ನಿಲ್ಲಲಿಲ್ಲ, ಟ್ರಾನ್ಸಿಸ್ಟರ್ ಮುಟ್ಟಿದರೆ ಬೆರಳು ಸುಡ್ತಿತ್ತು. ಒಂದಾದ ಮೇಲೊಂದು ಸತ್ತವು. ಬದಲಿಗೆ ತರಿಸಿದ್ದು ಪಿ2ಎನ್2222ಎ. ಹೆಸರು ನೋಡಿ ಅದೇ ಅಂದ್ಕೊಂಡ್ರೆ ಕೆಟ್ಟಿರಿ: ಪಿಎನ್2222ಎಗೆ ಹೋಲಿಸಿದರೆ ಎಮಿಟರ್, ಕಲೆಕ್ಟರ್ ಕಾಲು ಅದಲುಬದಲು. ಕೊನೆಗೆ ತಾಮ್ರದ ಹಾಳೆಯ ಬೋರ್ಡನ್ನೇ ಗ್ರೌಂಡ್ ಮಾಡಿಕೊಂಡು, ಬಿಡಿಭಾಗಗಳನ್ನ ಅದರ ಮೇಲೆ ಗಾಳಿಯಲ್ಲೇ ಬೆಸೆದೆ. ನೋಡೋಕೆ ಕಾಗೆಗೂಡು, ಆದರೆ ಅವತ್ತಿಂದ ಒಂದು ಟ್ರಾನ್ಸಿಸ್ಟರೂ ಸತ್ತಿಲ್ಲ.

ಶುದ್ಧಸ್ವರ: ಎಲ್ಲರೂ ಟ್ರಾನ್ಸಿಸ್ಟರ್ ಬಗ್ಗೆನೇ ಮಾತಾಡ್ತೀರಿ, ಬೇಡದ ಆವರ್ತನ ತಡೆಯೋ ಫಿಲ್ಟರ್ ಬಗ್ಗೆ ಯಾರಿಗೂ ಚಿಂತೆ ಇಲ್ಲ. 7.030ರ ಎರಡನೇ ಹಾರ್ಮೋನಿಕ್, ಅಂದ್ರೆ ಎರಡರಷ್ಟು ಆವರ್ತನ, 14.060. ನನ್ನ ಸಿಗ್ನಲ್ ಅಲ್ಲಿ ಕೇಳ್ತಿದೆ ಅಂತ ಬೇರೆಯವರು ಹೇಳಿದ ದಿನ ನಿದ್ದೆ ಬರಲಿಲ್ಲ. ಫಿಲ್ಟರಿನ ಕಾಯಿಲಿಗೆ ಟಿ37-2 ಕೆಂಪು ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 16 ಸುತ್ತು ಹಾಕಿದ್ರೆ ಸುಮಾರು 1 ಮೈಕ್ರೋಹೆನ್ರಿ. ತಂತಿ ರಂಧ್ರದೊಳಗೆ ಒಮ್ಮೆ ತೂರಿದರೆ ಅದೇ ಒಂದು ಸುತ್ತು, ಹೊರಗಿಂದ ಎಣಿಸಬೇಡಿ. ಪರೀಕ್ಷೆಗೆ ಆಂಟೆನಾ ಬದಲು ಹಾಕೋ ಡಮ್ಮಿ ಲೋಡಿಗೆ ನನಗೆ ಮಾರಿದ್ದು ತಂತಿ ಸುತ್ತಿದ 50 ಓಮ್ ರೆಸಿಸ್ಟರ್. ರೇಡಿಯೋ ಆವರ್ತನದಲ್ಲಿ ಅದು ಕಾಯಿಲ್ ಆಗಿಬಿಡುತ್ತೆ, ದುಡ್ಡು ದಂಡ. 1 ಕಿಲೋಓಮಿನ ಸಾಮಾನ್ಯ ರೆಸಿಸ್ಟರ್ 20 ಸಮಾನಾಂತರ ಕಟ್ಟಿದೆ, ಅದೂ 50 ಓಮೇ.

ಎಫ್‌ಎಂಗೆಳೆಯ: ಇಷ್ಟು ಒದ್ದಾಟ ಯಾಕೆ? ನಾನು ಒಂದೇ ಟ್ರಾನ್ಸಿಸ್ಟರಲ್ಲಿ ಎಫ್‌ಎಂ ಕಟ್ಟಿದೆ. ಕ್ರಿಸ್ಟಲ್ ಬೇಡ, ಫಿಲ್ಟರ್ ಬೇಡ, ಮೋರ್ಸೂ ಬೇಡ. ಮೊದಲ ದಿನವೇ ನನ್ನ ಧ್ವನಿ ರೇಡಿಯೋದಲ್ಲಿ ಬಂತು.

ಶುದ್ಧಸ್ವರ: ಕೈ ಹತ್ತಿರ ತಂದರೆ ಆವರ್ತನ ಸರಿಯುತ್ತಾ ಇಲ್ವಾ? ಹೇಳಿ.

ಎಫ್‌ಎಂಗೆಳೆಯ: ಸ್ವಲ್ಪ ಸರಿಯುತ್ತೆ. ಕೆಲವೇ ಮಿಲಿವ್ಯಾಟ್, ಮನೆ ಗೋಡೆ ದಾಟಲ್ಲ.

ಶುದ್ಧಸ್ವರ: 108 ಮೆಗಾಹರ್ಟ್ಸ್ ದಾಟಿದರೆ ವಿಮಾನಗಳ ಬ್ಯಾಂಡ್. ಮೇಲೆ ಹಾರೋ ರಿಸೀವರಿಗೂ ನಿಮ್ಮ ಕಿಟಕಿಗೂ ನಡುವೆ ಯಾವ ಗೋಡೆ ಇದೆ? ಲೈಸೆನ್ಸ್ ಪಡೆದು ಕೇಳ್ತಿರೋ ಮನುಷ್ಯನಿಗೆ ಇಂಥ ದಾರಿ ತೋರಿಸಬೇಡಿ.

ಎಫ್‌ಎಂಗೆಳೆಯ: ಹೆದರಿಸೋದೇ ನಿಮ್ಮ ಕೆಲಸ. ನಿಮ್ಮಂಥವರನ್ನ ನೋಡೇ ಹೊಸಬರು ಬೆಸುಗೆ ಕಡ್ಡಿ ಮುಟ್ಟಲ್ಲ.

ಪುಟ್ಟಪಿಕ್ಸಿ: ಜಗಳ ಬಿಡಿ. ನಾನು ಪಿಕ್ಸಿ ಅನ್ನೋ ಪುಟ್ಟ ಮೋರ್ಸ್ ರೇಡಿಯೋ ಕಿಟ್ ತರಿಸಿದೆ, 7.023ರ ಕ್ರಿಸ್ಟಲ್ ಜೊತೆಗೇ ಬಂತು. ಒಂದು ಸಂಜೆಯ ಬೆಸುಗೆ. ಕೀ ಒತ್ತಿದಾಗ ಸ್ವರ ಚೂರು ಜಾರುತ್ತೆ, ಬ್ಯಾಟರಿ ಇಳಿದಷ್ಟೂ ಜಾಸ್ತಿ. ಆದರೆ ಇಷ್ಟರಲ್ಲೇ ಪಕ್ಕದ ರಾಜ್ಯದವರ ಜೊತೆ ಮಾತಾಡಿದ್ದೀನಿ. 12 ವೋಲ್ಟಲ್ಲಿ 100 ಮಿಲಿಆಂಪ್ ಎಳೆಯುತ್ತೆ, ಪೂರಾ 1.2 ವ್ಯಾಟ್!

ತಾಮ್ರದತಂತಿ: ಕಿಟ್ ಜೋಡಿಸೋದು ಕಟ್ಟೋದಲ್ಲ. ಇನ್ನು 1.2 ವ್ಯಾಟ್ ಅನ್ನೋದು ಒಳಗೆ ಹೋಗಿದ್ದು, ಆಂಟೆನಾಗೆ ಹೋಗಿದ್ದಲ್ಲ.

ಪುಟ್ಟಪಿಕ್ಸಿ: ಕಟ್ಟೋದಲ್ವಾ? ಕೆಪಾಸಿಟರ್ ಬಣ್ಣವೂ ಗೊತ್ತಿಲ್ಲದವಳು ನಾನು. ಆ ಬೋರ್ಡಿನ ಒಂದೊಂದು ಬೆಸುಗೆಯೂ ನನ್ನ ಕೈಯದ್ದು. ನಿಮ್ಮ ಕಾಗೆಗೂಡಿಗೆ ಇರೋ ಮರ್ಯಾದೆ ಅದಕ್ಕೂ ಇದೆ.

ಹೊಸಕೀಲಿ: ನನ್ನ ಹತ್ತಿರ ಇರೋದು 9 ವೋಲ್ಟಿನ ಬ್ಯಾಟರಿ, ಅದು ಸಾಕಾ?

ಶುದ್ಧಸ್ವರ: ಪುಟ್ಟಪಿಕ್ಸಿ, ಬೆಸುಗೆ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಪವರ್ ಮಾತ್ರ ಅಳೀರಿ. 50 ಓಮ್ ಲೋಡಿಗೆ 1ಎನ್4148 ಡಯೋಡ್, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಮೀಟರ್ ನೋಡಿ. ನನ್ನದರಲ್ಲಿ 6.3 ವೋಲ್ಟ್ ಬಂತು. ಡಯೋಡಿನ 0.7 ಸೇರಿಸಿ 7, ವರ್ಗ 49, ನೂರರಿಂದ (50 ಓಮಿನ ಎರಡರಷ್ಟು) ಭಾಗಿಸಿದರೆ ಅರ್ಧ ವ್ಯಾಟ್.

ಪುಟ್ಟಪಿಕ್ಸಿ: ಅಳೆದೆ. 5.4 ವೋಲ್ಟ್. ಅಂದ್ರೆ 0.37 ವ್ಯಾಟ್. ಅಷ್ಟರಲ್ಲೇ ಪಕ್ಕದ ರಾಜ್ಯ ಮುಟ್ಟಿದ್ದೀನಿ, ತಾಮ್ರದತಂತಿಯವರು ಎಲ್ಲಿವರೆಗೆ ಮುಟ್ಟಿದ್ದಾರೆ ಬರೀಲಿ.