ಅಪ್‌ಡೇಟ್: ಟೆನ್ಷನ್ ಮುಗಿದ ಮೇಲೆ ಕೂದಲು ಉದುರಿದ್ದು ಯಾಕೆ ಅಂತ ಗೊತ್ತಾಯ್ತು

ಅಪ್ಪನ ಆಪರೇಷನ್ ಮುಗಿದು ಮನೆಯಲ್ಲಿ ಎಲ್ಲ ಸರಿಹೋಗಿದೆ, ಈಗ ನನ್ನ ಕೂದಲು ಹಿಡಿ ಹಿಡಿ ಉದುರುತ್ತಿದೆ ಅಂತ ಕೇಳಿದ್ದೆ. ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಅಂತಾರೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲಿ. ಜೋರು ಟೆನ್ಷನ್, ಜ್ವರ, ಹೆರಿಗೆ ಇಂಥದ್ದಾದಾಗ ಬೆಳೆಯುತ್ತಿದ್ದ ಕೂದಲು ಜಾಸ್ತಿ ಸಂಖ್ಯೆಯಲ್ಲಿ ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆದರೆ ತಕ್ಷಣ ಬೀಳುವುದಿಲ್ಲ. ಸುಮಾರು 2–3 ತಿಂಗಳು ಹಾಗೇ ಇದ್ದು ಆಮೇಲೆ ಉದುರುತ್ತವೆ. ಅದಕ್ಕೇ ಕಾರಣ ಹಿಂದೆ, ಉದುರುವುದು ಈಗ.

ಡಾಕ್ಟರು ಸಣ್ಣ ಗೊಂಚಲು ಹಿಡಿದು ಮೆಲ್ಲಗೆ ಎಳೆದು ನೋಡಿದರು. ಕೈಗೆ ಬಂದ ಎಳೆಗಳ ಬುಡದಲ್ಲಿ ಪುಟ್ಟ ಬಿಳಿ ಗಂಟು. ಬೇರು ಹಾಳಾಗಿಲ್ಲ, ಅಲ್ಲಿಂದಲೇ ಹೊಸದು ಬರುತ್ತದೆ ಅಂದರು. ಎಷ್ಟು ಸಮಾಧಾನವಾಯ್ತು ಗೊತ್ತಾ!

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು. ಫೆರಿಟಿನ್, ಅಂದರೆ ದೇಹದಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಅಂಶ, ಕಡಿಮೆ ಇತ್ತು, ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ರಕ್ತ ಪರೀಕ್ಷೆ ಮಾಡಿಸದೆ ಸುಮ್ನೆ ಕೂದಲಿಗೆ ಅಂತ ಬಯೋಟಿನ್ (ಒಂದು ವಿಟಮಿನ್) ಮಾತ್ರೆ ನುಂಗಬೇಡಿ.

ಈಗ ಹಣೆಯ ಅಂಚಿನಲ್ಲಿ ಮೋಟು ಕೂದಲು ಎದ್ದು ನಿಂತಿವೆ, ಬಾಚಿದರೂ ಕೂರುವುದಿಲ್ಲ. ಮೊದಲಿನಷ್ಟು ದಟ್ಟವಾಗಲು ಇನ್ನೂ ತಿಂಗಳುಗಳೇ ಬೇಕು. ನಿಮಗೆ ದುಂಡಗೆ ಬೋಳಾಗುತ್ತಿದ್ದರೆ ಅದು ಬೇರೆ ತೊಂದರೆ, ದಯವಿಟ್ಟು ಬೇಗ ತೋರಿಸಿ.