ಫ್ರೀಜರ್‌ನಲ್ಲಿ ಐಸ್ ಇದೆ, ಕೆಳಗೆ ಹಾಲು ಒಡೆಯುತ್ತಿದೆ, ಗ್ಯಾಸ್ ಹಾಕಿಸಬೇಕಾ?

ಜೇವರ್ಗಿ ರೋಡ್ (ಕಲಬುರಗಿ):

ನಮಸ್ಕಾರ ಎಲ್ಲರಿಗೂ. ನಮ್ಮದು 260 ಲೀಟರ್ ಡಬಲ್ ಡೋರ್ ಫ್ರಿಜ್, ಫ್ರಾಸ್ಟ್ ಫ್ರೀ. ವಾರಂಟಿ ಮುಗಿದಿದೆ. ಮೇಲೆ ಫ್ರೀಜರ್‌ನಲ್ಲಿ ಐಸ್ ಆಗುತ್ತೆ, ಕೆಳಗೆ ಮಾತ್ರ ತಂಪೇ ಇಲ್ಲ. ಬೆಳಿಗ್ಗೆ ಕಾಯಿಸಿಟ್ಟ ಹಾಲು ಸಂಜೆ ಕಾಯಿಸೋಕೆ ಹೋದರೆ ಒಡೆಯುತ್ತೆ. ಮೊಸರು ಬಾಯಿಗೆ ಇಡೋಕಾಗಲ್ಲ, ಅಷ್ಟು ಹುಳಿ. ತರಕಾರಿ ಡಬ್ಬಿ ಕೆಳಗೆ ನೀರು ನಿಲ್ಲುತ್ತೆ. ಫ್ರೀಜರ್ ಒಳಗೆ ಹಿಂದಿನ ಪ್ಲಾಸ್ಟಿಕ್ ಗೋಡೆ ಮೇಲೆ ಬೆಳ್ಳಗೆ ಮಂಜು ಹಿಡಿದಿದೆ, ಗೋಡೆಯೇ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತೆ.

ಊರಿಗೆ ಹೋಗುವಾಗ ಒಮ್ಮೆ ಫ್ರಿಜ್ ಆಫ್ ಮಾಡಿ ಹೋಗಿದ್ವಿ. ಬಂದು ಹಾಕಿದ ಮೇಲೆ ಕೆಲವು ದಿನ ಚೆನ್ನಾಗಿ ನಡೀತು, ಆಮೇಲೆ ಮತ್ತೆ ಅದೇ ಕಥೆ. ರಿಪೇರಿಯವರು ಬಂದು ಕೆಳಗೆ ಕೈ ಇಟ್ಟು ನೋಡಿ "ಗ್ಯಾಸ್ ಖಾಲಿ, 3,500 ಆಗುತ್ತೆ" ಅಂದರು. ಏನೂ ಬಿಚ್ಚಿ ನೋಡಲಿಲ್ಲ. ಅತ್ತೆಗೆ ಶುಗರ್ ಇದೆ, ಅವರ ಇನ್ಸುಲಿನ್ ಕೂಡ ಇದರಲ್ಲೇ ಇರೋದು. ಹೊರಗೆ 43 ಡಿಗ್ರಿ. ಏನು ಮಾಡಲಿ?

ಬೀದರ್ ಕೋಟೆ (ಬೀದರ್):

ಅಕ್ಕಾ, ಗ್ಯಾಸ್‌ಗೆ ಈಗಲೇ ದುಡ್ಡು ಕೊಡಬೇಡಿ. ನಾನು ಫ್ರಿಜ್, ಎಸಿ ರಿಪೇರಿ ಕೆಲಸದಲ್ಲೇ ಇರೋನು. ನೀವು ಬರೆದಿದ್ದರಲ್ಲೇ ಉತ್ತರ ಇದೆ. ಆಫ್ ಮಾಡಿ ಹಾಕಿದ ಮೇಲೆ ಕೆಲವು ದಿನ ಸರಿಯಾಗಿತ್ತು ಅಂದ್ರಲ್ಲ, ಗ್ಯಾಸ್ ಹೋಗಿದ್ದರೆ ಹಾಗೆ ಆಗೋದಿಲ್ಲ. ಗ್ಯಾಸ್ ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾ ಇರುತ್ತೆ, ಪೆಟ್ರೋಲ್ ಥರ ಖರ್ಚಾಗಲ್ಲ. ಹೋಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತ. ಲೀಕ್ ಆದ ಫ್ರಿಜ್‌ನಲ್ಲಿ ಫ್ರೀಜರ್ ಕೂಡ ದಿನದಿಂದ ದಿನಕ್ಕೆ ಸೋಲುತ್ತೆ. ಲೀಕ್ ಹುಡುಕದೆ ಗ್ಯಾಸ್ ತುಂಬಿದರೆ ಅದೂ ಹೋಗುತ್ತೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಮಾಡುವ ಕಾಯಿಲ್ ಫ್ರೀಜರ್ ಹಿಂದಿನ ಆ ಪ್ಲಾಸ್ಟಿಕ್ ಗೋಡೆಯ ಒಳಗೆ ಇರುತ್ತೆ. ಒಂದು ಚಿಕ್ಕ ಫ್ಯಾನ್ ಅಲ್ಲಿನ ತಂಪು ಗಾಳಿಯನ್ನು ಫ್ರೀಜರ್‌ಗೂ ಕೆಳಗೂ ಕಳಿಸುತ್ತೆ. ಗಾಳಿಯಲ್ಲಿರುವ ತೇವ ಕಾಯಿಲ್ ಮೇಲೆ ಮಂಜಾಗಿ ಕೂರೋದು ಸಹಜ. ಅದಕ್ಕೇ ಕಾಯಿಲ್ ಕೆಳಗೆ ಒಂದು ಹೀಟರ್ ಇಟ್ಟಿರುತ್ತಾರೆ. ಕಂಪ್ರೆಸರ್ ಕೆಲವು ತಾಸು ಓಡಿದ ಮೇಲೆ ತಾನಾಗೇ ನಿಂತು, ಹೀಟರ್ ಬಂದು ಮಂಜು ಕರಗಿಸಿ, ನೀರು ಹಿಂದಿನ ಪೈಪಿನಲ್ಲಿ ಕಂಪ್ರೆಸರ್ ಮೇಲಿನ ತಟ್ಟೆಗೆ ಇಳಿದು ಆರಿ ಹೋಗುತ್ತೆ. ಈ ಹೀಟರ್ ಕೆಲಸ ನಿಲ್ಲಿಸಿದರೆ ಮಂಜು ದಪ್ಪ ಐಸ್ ಆಗಿ ಗಾಳಿಯ ದಾರಿ ಕಟ್ಟುತ್ತೆ. ಕಾಯಿಲ್ ಪಕ್ಕದಲ್ಲಿರೋದರಿಂದ ಫ್ರೀಜರ್ ತಂಪಾಗೇ ಇರುತ್ತೆ, ಕೆಳಗೆ ಗಾಳಿ ಬರಲ್ಲ. ಪೈಪಿನ ಬಾಯಿಗೆ ಐಸ್ ಕಟ್ಟಿದರೆ ಕರಗಿದ ನೀರು ಒಳಗೇ ಇಳಿಯುತ್ತೆ, ನಿಮ್ಮ ತರಕಾರಿ ಡಬ್ಬಿ ಕೆಳಗಿನ ನೀರು ಅದೇ ಇರಬೇಕು.

ಮೊದಲು ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು, ಕೆಳಗೆ ಹಳೇ ಬಟ್ಟೆ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ. ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಬೇಗ ಆಗುತ್ತೆ. ನಮ್ಮ ಬಿಸಿಲಿಗೆ ನಾಲ್ಕು ತಾಸು ಸಾಕು ಅಂತ ಅನಿಸಬಹುದು, ಸಾಲಲ್ಲ, ಗೋಡೆ ಹಿಂದಿನ ಐಸ್ ಕಾಣದ ಹಾಗೆ ಉಳಿದಿರುತ್ತೆ. ಆಮೇಲೆ ಹಾಕಿ ಫ್ಯಾನ್ ಸದ್ದು ಕೇಳಿ. ಬಾಗಿಲು ತೆರೆದರೆ ಫ್ಯಾನ್ ನಿಲ್ಲುತ್ತೆ, ಅದಕ್ಕೆ ಬಾಗಿಲಿನ ಸ್ವಿಚ್ಚನ್ನು ಬೆರಳಿಂದ ಒತ್ತಿ ಹಿಡಿದು ಕೇಳಿ. ಫ್ಯಾನ್ ಓಡದಿದ್ದರೂ ಕೆಳಗೆ ತಂಪು ಬರಲ್ಲ, ಅದು ಬೇರೆ ರಿಪೇರಿ.

ಭೀಮಾ ದಂಡೆ (ಯಾದಗಿರಿ):

ಫ್ರಿಜ್ ವಿಷಯ ಮೇಲಿನ ಅಣ್ಣ ಹೇಳಿದ್ದಾರೆ, ನಾನು ಇನ್ಸುಲಿನ್ ಬಗ್ಗೆ ಹೇಳ್ತೀನಿ. ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡ್ತೀನಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ದಯವಿಟ್ಟು ಫ್ರೀಜರ್‌ಗೆ ಮಾತ್ರ ಇಡಬೇಡಿ, ಕೆಳಗೆ ತಂಪಿಲ್ಲ ಅಂತ ಎಷ್ಟೋ ಜನ ಅಲ್ಲಿಡ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ, ನೋಡೋಕೆ ಚೆನ್ನಾಗೇ ಕಂಡರೂ. ಸ್ಟಾಕ್ ಇದ್ದರೆ ಇವತ್ತೇ ಪಕ್ಕದ ಮನೆ ಫ್ರಿಜ್‌ಗೆ ಕೊಡಿ.

ದಿನಾ ಬಳಸುವ ಸೀಸೆ ಅಥವಾ ಪೆನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಸುಮಾರು 28 ದಿನ ಇರುತ್ತೆ, ಡಬ್ಬಿ ಮೇಲೆ ಬರೆದಿದ್ದನ್ನು ನೋಡಿ. ಆದರೆ ನಮ್ಮ ಕಡೆ ಈಗ ಮನೆ ಒಳಗೂ 30 ಇರಲ್ಲ, ಅಲ್ವಾ? ದೊಡ್ಡ ಮಣ್ಣಿನ ಗಡಿಗೆ ಒಳಗೆ ಚಿಕ್ಕದೊಂದು ಇಟ್ಟು, ನಡುವೆ ಮರಳು ತುಂಬಿ ನೀರು ಹಾಕ್ತಾ ಇರಿ. ಚಿಕ್ಕದರೊಳಗೆ ಪೆನ್ ಒಣಗಿದ ಡಬ್ಬಿಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ ಮುಚ್ಚಿ. ನಮ್ಮದು ಒಣ ಬಿಸಿಲು, ಅದಕ್ಕೇ ಇದು ಚೆನ್ನಾಗಿ ತಂಪು ಹಿಡಿಯುತ್ತೆ. ಮಳೆಗಾಲದಲ್ಲಿ ಇಷ್ಟು ಕೆಲಸ ಮಾಡಲ್ಲ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ, ಜ್ವರ ನೋಡೋದಲ್ಲ, ಕೋಣೆ ಬಿಸಿ ತೋರಿಸೋದು. ಇಷ್ಟು ದಿನ ಬಿಸಿಯಾದ ಫ್ರಿಜ್‌ನಲ್ಲಿದ್ದ ಇನ್ಸುಲಿನ್ ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರನ್ನೇ ಕೇಳಿ. ಅತ್ತೆಯವರ ಶುಗರ್ ಏರ್ತಾ ಇದ್ದರೆ ತಡ ಮಾಡಬೇಡಿ.

ಫರ್ಸಿ ಮನೆ (ಶಹಾಬಾದ್):

ಇನ್ನೊಂದು ಮಾತು. ಫ್ರಿಜ್ ಹಿಂದೆ ಅಥವಾ ಒಳಗೆ ಅಂಟಿಸಿದ ಸ್ಟಿಕರ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಇರುತ್ತೆ, ಸುತ್ತಲಿನ ಬಿಸಿ ಎಷ್ಟಿದ್ದರೂ ಫ್ರಿಜ್ ತಡೆಯುತ್ತೆ ಅನ್ನೋ ಲೆಕ್ಕ. 'ಎನ್' ಅಂದರೆ 32 ಡಿಗ್ರಿವರೆಗೆ, 'ಎಸ್‌ಟಿ' 38ವರೆಗೆ, 'ಟಿ' 43ವರೆಗೆ. ಅಂದರೆ ಟಿ ಕ್ಲಾಸ್ ಫ್ರಿಜ್‌ಗೂ ನಮ್ಮ ಮೇ ತಿಂಗಳು ಕೊನೇ ಗೆರೆ. ಕಲ್ಲಿನ ಛಾವಣಿ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಅಡುಗೆಮನೆ ಕಾದಿರುತ್ತೆ. ರೊಟ್ಟಿ ಬಡಿಯುವ ಒಲೆ ಪಕ್ಕ ಫ್ರಿಜ್ ಇದ್ದರೆ ಮೊದಲು ಆ ಜಾಗ ಬದಲಿಸಿ. ಹಿಂದೆ ಗೋಡೆಯಿಂದ ಒಂದು ಗೇಣಾದರೂ ಬಿಡಿ. ಎರಡೂ ಬದಿ ಮುಟ್ಟಿದರೆ ಬಿಸಿ ಇರೋದು ದೋಷ ಅಲ್ಲ, ಬಹಳ ಫ್ರಿಜ್‌ಗಳಲ್ಲಿ ಒಳಗಿನ ಬಿಸಿ ಅಲ್ಲಿಂದಲೇ ಹೊರಗೆ ಹೋಗೋದು. ಬಾಗಿಲಿನ ರಬ್ಬರ್ ನಡುವೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ, ಅಲ್ಲಿಂದ ಹೊರಗಿನ ಗಾಳಿ ನುಗ್ಗಿ ಮಂಜು ಜಾಸ್ತಿ ಆಗುತ್ತೆ.

ಜೇವರ್ಗಿ ರೋಡ್ (ಕಲಬುರಗಿ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ಸುಲಿನ್ ಸ್ಟಾಕ್ ಪಕ್ಕದ ಮನೆಗೆ ಕೊಟ್ಟೆ, ಡಾಕ್ಟರ್ ಹಳೇದನ್ನು ಬಿಟ್ಟು ಹೊಸದು ತಗೊಳ್ಳಿ ಅಂದರು. ಫ್ರಿಜ್ ಬಂದ್ ಮಾಡಿ ಬಿಟ್ಟಿದ್ದೆ, ಗೋಡೆ ಹಿಂದಿನಿಂದ ಐಸ್ ತುಂಡುಗಳು ಬೀಳೋ ಸದ್ದು ಕೇಳ್ತಾ ಇತ್ತು, ಅಷ್ಟು ಕಟ್ಟಿತ್ತು. ಈಗ ಹಾಕಿದೆ, ಕೆಳಗೆ ನೀರಿನ ಬಾಟಲಿ ತಣ್ಣಗಾಗಿದೆ, ಫ್ಯಾನ್ ಸದ್ದೂ ಬರ್ತಿದೆ. ರಬ್ಬರ್ ಗಟ್ಟಿ ಇದೆ. ಹಾಗಾದರೆ ಹೀಟರೇ ಬದಲಿಸಬೇಕಾ?

ಬೀದರ್ ಕೋಟೆ (ಬೀದರ್):

ಹೀಟರ್ ಒಂದೇ ಅಂತ ಹೇಳೋಕಾಗಲ್ಲ ಅಕ್ಕಾ. ಆ ಸಾಲಿನಲ್ಲಿ ಹೀಟರ್, ಥರ್ಮಲ್ ಫ್ಯೂಸ್, ಬೈಮೆಟಲ್ (ತಂಪಿದ್ದಾಗ ಹೀಟರ್‌ಗೆ ಕರೆಂಟ್ ಬಿಟ್ಟು, ಬಿಸಿಯಾದಾಗ ಕಡಿಯುವ ಸ್ವಿಚ್), ಇದಕ್ಕೆಲ್ಲ ಹೊತ್ತು ಹೇಳುವ ಟೈಮರ್ ಇರುತ್ತೆ. ಹೊಸ ಮಾಡೆಲ್‌ಗಳಲ್ಲಿ ಬೈಮೆಟಲ್ ಬದಲು ಸೆನ್ಸರ್, ಟೈಮರ್ ಬದಲು ಬೋರ್ಡ್. ಯಾವುದು ಕೆಟ್ಟರೂ ಐಸ್ ಕಟ್ಟುತ್ತೆ. ಮಲ್ಟಿಮೀಟರ್ (ವೈರ್, ಪಾರ್ಟ್ ಸರಿ ಇದೆಯಾ ಅಂತ ಅಳೆಯುವ ಮೀಟರ್) ತರುವವರನ್ನೇ ಕರೆಸಿ, ಪ್ಲಗ್ ತೆಗೆದು ಒಂದೊಂದಾಗಿ ನೋಡಿ ಅಂತ ಹೇಳಿ. 150 ವ್ಯಾಟಿನ ಹೀಟರ್ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಬೈಮೆಟಲ್ ನೋಡುವಾಗ ಹುಷಾರಾಗಿರಿ, ಅದು ಕೋಣೆಯ ಬಿಸಿಯಲ್ಲಿ ಸಹಜವಾಗಿಯೇ ಓಪನ್, ಅಂದರೆ ಕರೆಂಟ್ ದಾರಿ ಕಡಿದ ಹಾಗೆ, ತೋರಿಸುತ್ತೆ. ಫ್ರೀಜರ್‌ನಲ್ಲಿ ಚೆನ್ನಾಗಿ ತಂಪಾದ ಮೇಲೆ ನೋಡಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ಒಳ್ಳೇ ಬೈಮೆಟಲ್ ಬಿಸಾಕೋರು ಬಹಳ ಜನ.

ಫ್ಯೂಸ್ ಹೋಗಿದ್ದರೆ ಕೆಲವರು ಎರಡು ವೈರ್ ಸೇರಿಸಿ ಡೈರೆಕ್ಟ್ ಮಾಡಿಬಿಡ್ತಾರೆ. ಎಷ್ಟೇ ಹೇಳಿದರೂ ಒಪ್ಪಬೇಡಿ. ಹೀಟರ್ ನಿಲ್ಲದೆ ಉರಿದರೆ ತಡೆಯೋದು ಆ ಫ್ಯೂಸ್ ಒಂದೇ. ಸುತ್ತ ಇರೋದೆಲ್ಲ ಪ್ಲಾಸ್ಟಿಕ್, ಈಗಿನ ಬಹಳ ಫ್ರಿಜ್‌ಗಳಲ್ಲಿ ಬರುವ ಆರ್600ಎ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದ್ದು.

ಹಳ್ಳಿ ಹೋಟೆಲ್ (ಸುರಪುರ):

ನಮ್ಮದು ಸಿಂಗಲ್ ಡೋರ್. ಐಸ್ ಗುಡ್ಡೆ ಆಗಿದೆ, ಚಾಕುವಿನಿಂದ ಕೆತ್ತಿ ತೆಗೆಯಬಹುದಾ? ಕರೆಂಟ್ ಹೋಗಿ ಬಂದಾಗ ಟಕ್ ಟಕ್ ಅನ್ನುತ್ತೆ, ಶುರು ಆಗಲ್ಲ.

ಬೀದರ್ ಕೋಟೆ (ಬೀದರ್):

ಚಾಕು ಬೇಡವೇ ಬೇಡ ಅಣ್ಣಾ. ಆ ತೆಳು ಅಲ್ಯೂಮಿನಿಯಂ ಒಳಗೇ ಗ್ಯಾಸ್ ಓಡೋದು, ಒಂದು ತೂತು ಬಿದ್ದರೆ ಆಗ ನಿಜವಾಗಿ ಗ್ಯಾಸ್ ಖರ್ಚು ಬರುತ್ತೆ. ಸಿಂಗಲ್ ಡೋರ್‌ನಲ್ಲಿ ಥರ್ಮೋಸ್ಟಾಟ್ ತಿರುಗಣಿ ನಡುವೆ ಸಾಮಾನ್ಯವಾಗಿ ಒಂದು ಬಟನ್ ಇರುತ್ತೆ. ಐಸ್ ಅರ್ಧ ಸೆಂಟಿಮೀಟರ್ ಆಗುವಷ್ಟರಲ್ಲೇ ರಾತ್ರಿ ಒತ್ತಿ ಬಿಡಿ, ಕರಗಿದ ಮೇಲೆ ತಾನೇ ಶುರು ಆಗುತ್ತೆ. ಈಗ ಗುಡ್ಡೆ ಆಗಿರೋದಕ್ಕೆ ಪ್ಲಗ್ ತೆಗೆದು, ಒಳಗೆ ಬಿಸಿನೀರಿನ ಪಾತ್ರೆ ಇಟ್ಟು ಬಾಗಿಲು ಮುಚ್ಚಿ. ಟಕ್ ಟಕ್ ಅನ್ನೋದು ಸಾಮಾನ್ಯವಾಗಿ ವೋಲ್ಟೇಜ್ ಕಡಿಮೆ ಇದ್ದಾಗ. ಕರೆಂಟ್ ಬಂದ ತಕ್ಷಣ ಹಾಕಬೇಡಿ, ಐದು ನಿಮಿಷ ಬಿಟ್ಟು ಹಾಕಿ, ಕಂಪ್ರೆಸರ್ ಒಳಗಿನ ಒತ್ತಡ ಇಳಿಯಬೇಕು. ಇಷ್ಟು ಹೊತ್ತು ತಾನೇ ಕಾಯುವ ಸ್ಟೆಬಿಲೈಜರ್ ಸಿಗುತ್ತೆ, ಹೋಟೆಲ್‌ನಲ್ಲಿ ಪ್ಲಗ್ ಹತ್ತಿರ ಯಾರು ನಿಲ್ಲೋಕಾಗುತ್ತೆ. ವೋಲ್ಟೇಜ್ ಸರಿ ಇದ್ದೂ ಟಕ್ ಅಂದರೆ ಕಂಪ್ರೆಸರ್ ಶುರು ಮಾಡಿಸುವ ರಿಲೇ ನೋಡಿಸಿ, ಅದು ಚಿಕ್ಕ ಖರ್ಚು.