ಸಭೆ ಎರಡು ಬಣವಾದಾಗ ಮತಕ್ಕೆ ಹಾಕುವುದು ಸರಿಯೇ?

ಪ್ರಶ್ನೆ:
ಸಲಿಂಗ ವಿವಾಹ, ಮಹಿಳೆಯರ ಗುರುದೀಕ್ಷೆ (ಪಾದ್ರಿಯಾಗಿ ನೇಮಕ), ಇಂಥ ವಿಷಯಗಳಲ್ಲಿ ಕ್ರೈಸ್ತ ಸಭೆ (ಚರ್ಚ್) ಒಡೆಯುವ ಹಂತಕ್ಕೆ ಬಂದರೆ ಹಿರಿಯರ ಮಂಡಳಿ ಮತಕ್ಕೆ ಹಾಕಿ ಇತ್ಯರ್ಥ ಮಾಡಿಬಿಡಬಹುದೇ? ಒಂದೇ ಬೈಬಲ್ ಓದುವವರು ಇಷ್ಟು ದೂರ ಸರಿಯುವುದಾದರೂ ಏಕೆ?

ಉತ್ತರ 1:
ಮತ ಕಟ್ಟಕಡೆಗೆ ಬರಬೇಕು. ಅಮೆರಿಕ ಮೂಲದ ಪ್ರಾಟೆಸ್ಟೆಂಟ್ ಪಂಗಡವಾದ ಯುನೈಟೆಡ್ ಮೆಥಡಿಸ್ಟರನ್ನೇ ನೋಡಿ. 2019ರ ವಿಶೇಷ ಸಮ್ಮೇಳನದಲ್ಲಿ ಸಲಿಂಗ ವಿವಾಹಕ್ಕೂ ಸಲಿಂಗ ಸಂಬಂಧದಲ್ಲಿರುವವರ ಗುರುದೀಕ್ಷೆಗೂ ಇದ್ದ ನಿಷೇಧ ಉಳಿಸುವ ಸಾಂಪ್ರದಾಯಿಕ ನಿಲುವಿನ ಪರ 438, ವಿರುದ್ಧ 384 ಮತ ಬಿದ್ದವು. ಜಗಳ ನಿಲ್ಲಲಿಲ್ಲ. ಪಂಗಡ ಬಿಟ್ಟು ಹೊರಹೋಗಬಯಸುವ ಸಭೆಗಳಿಗೆ ಅದೇ ಸಮ್ಮೇಳನ ದಾರಿ ಮಾಡಿಕೊಟ್ಟಿತ್ತು: ಹಾಜರಿದ್ದ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕಿತ್ತು, ಪಂಗಡಕ್ಕೆ ಕೊಡಬೇಕಾದ ವಂತಿಗೆ ಬಾಕಿಯ ಜೊತೆಗೆ ಇನ್ನೂ 12 ತಿಂಗಳ ವಂತಿಗೆ ಕಟ್ಟಬೇಕಿತ್ತು, ಪಾದ್ರಿಗಳ ಪಿಂಚಣಿಯ ಪಾಲು ತೀರಿಸಬೇಕಿತ್ತು. ಆಮೇಲೆ ಕಟ್ಟಡ ಅವರದ್ದೇ. 2023ರ ಕೊನೆಯೊಳಗೆ ಅಮೆರಿಕದಲ್ಲಿ 7,000ಕ್ಕೂ ಹೆಚ್ಚು ಸಭೆಗಳು ಹೊರಬಿದ್ದವು. ಹೋದವರಲ್ಲಿ ಹೆಚ್ಚಿನವರು 2019ರಲ್ಲಿ ಗೆದ್ದ ಬಣದವರೇ. 2024ರಲ್ಲಿ ಉಳಿದವರು ಆ ನಿಷೇಧಗಳನ್ನು ತೆಗೆದರು.

ಲೆಕ್ಕ ಹಾಕಿ: 100 ಜನ ಬಂದ ದಿನ 67 ಮಂದಿ ಹೌದೆಂದರೆ, ಉಳಿದ 33 ಮಂದಿ ತಮ್ಮ ಮಕ್ಕಳ ದೀಕ್ಷಾಸ್ನಾನ ನಡೆದ ಜಾಗವನ್ನೇ ಕಳೆದುಕೊಳ್ಳುತ್ತಾರೆ. ಈ ನೋವು ಯಾವ ವರದಿಯಲ್ಲೂ ಬರುವುದಿಲ್ಲ.

ಉತ್ತರ 2:
ಏಕೆ ದೂರ ಸರಿಯುತ್ತಾರೆ ಅಂದರೆ, ಯಾವ ವಚನದ ಬೆಳಕಿನಲ್ಲಿ ಯಾವುದನ್ನು ಓದಬೇಕು ಎಂಬಲ್ಲೇ ದಾರಿ ಕವಲೊಡೆಯುತ್ತದೆ. ಮಹಿಳೆಯರ ವಿಷಯದಲ್ಲಿ ಒಬ್ಬರು, ಹೆಂಗಸು ಉಪದೇಶಿಸಬಾರದು ಎನ್ನುವ 1 ತಿಮೊಥೆ 2:12 ಹಿಡಿಯುತ್ತಾರೆ, ಇನ್ನೊಬ್ಬರು ರೋಮಾಪುರದವರಿಗೆ 16:1ರಲ್ಲಿ ಸಭೆಯ ಸೇವಕಿ ಎಂದು ಹೆಸರಿಸಿರುವ ಫೊಯಿಬೆಯನ್ನು ತೋರಿಸುತ್ತಾರೆ. ಇಬ್ಬರಿಗೂ ವಾಕ್ಯದ ಮೇಲೆ ಭಕ್ತಿಯಿದೆ. ಆದ್ದರಿಂದ "ನೀವು ಬೈಬಲ್ ನಂಬುವುದಿಲ್ಲ" ಎಂಬ ಮಾತು ಬಾಯಿಗೆ ಬಂದ ಕ್ಷಣವೇ ಚರ್ಚೆ ಸತ್ತಂತೆ.

ಮಾಡಬೇಕಾದದ್ದು ಇಷ್ಟು. ಎರಡೂ ಕಡೆಯವರನ್ನು ಬೆರೆಸಿ ಆರೆಂಟು ಜನರ ಗುಂಪು ಮಾಡಿ. ಪ್ರತಿಯೊಬ್ಬರೂ ಎದುರಿನವರ ನಿಲುವನ್ನು ಅರ್ಧ ಪುಟದಲ್ಲಿ ಬರೆಯಲಿ. "ಹೌದು, ನಾನು ಹೇಳುವುದು ಇದೇ" ಎಂದು ಅವರು ಒಪ್ಪುವವರೆಗೆ ತಿದ್ದಲಿ. ವಾದ ಅದರ ನಂತರ. ಸಭಾಪಾಲಕರು ಮೊದಲೇ ವೇದಿಕೆಯಿಂದ ತೀರ್ಪು ಕೊಟ್ಟರೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ವಾಟ್ಸಾಪ್‌ನಲ್ಲಂತೂ ಇದು ಬೇಡವೇ ಬೇಡ.

ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕೇ ಎಂಬ ಜಗಳ ಬಂದಾಗ, ಬೈಬಲಿನ ಅಪೊಸ್ತಲರ ಕೃತ್ಯಗಳು 15ರಲ್ಲೂ ಬಹಳ ವಾದ ನಡೆದ ಮೇಲೆಯೇ ಪೇತ್ರ ಎದ್ದು ನಿಂತದ್ದು. ಬಾರ್ನಬ, ಪೌಲರು ಕಂಡದ್ದನ್ನು ಹೇಳುವಾಗ ಗುಂಪೆಲ್ಲ ಸುಮ್ಮನೆ ಕೇಳಿತು. ಕೊನೆಗೆ ಯಾಕೋಬ ಮಾತಾಡಿದ. ಅನ್ಯಜನರ ಮೇಲೆ ಸುನ್ನತಿಯ ಹೊರೆ ಹೊರಿಸದೆ, ನಾಲ್ಕೇ ಕಟ್ಟಳೆಗಳನ್ನು ಪತ್ರದಲ್ಲಿ ಬರೆದು ಕಳಿಸಿದರು.

ಉತ್ತರ 3:
ಮೇಲಿನವರ ಕ್ರಮ ಒಪ್ಪುತ್ತೇನೆ, ಆದರೆ ಮುಂದೂಡುತ್ತಲೇ ಹೋಗುವುದೂ ಒಂದು ತೀರ್ಮಾನವೇ. ಅದರ ಭಾರ ಹೊರುವವರು ಚರ್ಚೆಗೆ ಒಳಗಾದ ಜನ. ಅಮೆರಿಕದ ಮೆಥಡಿಸ್ಟರು ಗುಲಾಮಗಿರಿಯ ಪ್ರಶ್ನೆಯನ್ನು ದಶಕಗಳ ಕಾಲ ರಾಜಿಯಲ್ಲೇ ತಳ್ಳಿಕೊಂಡು ಬಂದರು. 1844ರಲ್ಲಿ ಒಡೆದರು, ಮತ್ತೆ ಕೂಡಿದ್ದು 1939ರಲ್ಲಿ. ಗುಲಾಮರಾಗಿದ್ದ ವಿಶ್ವಾಸಿಗಳಿಗೆ ಆ ರಾಜಿಯ ವರ್ಷಗಳು "ಶಾಂತಿ" ಆಗಿರಲಿಲ್ಲ.

ಹಾಗಾಗಿ ಮೊದಲ ದಿನವೇ ಮೂರು ವಿಷಯ ಬರಹದಲ್ಲಿ ಹಂಚಿ: ತೀರ್ಮಾನದ ದಿನಾಂಕ, ತೀರ್ಮಾನಿಸುವವರು ಯಾರು, ಒಪ್ಪದವರಿಗೆ ಕರ್ತನ ಭೋಜನದಲ್ಲೂ ಸೇವೆಯಲ್ಲೂ ಸ್ಥಾನ ಏನು. ಮೂರನೆಯದನ್ನೇ ಬಿಟ್ಟುಬಿಡುತ್ತಾರೆ. ಜನ ಮತಕ್ಕಿಂತ ಮೊದಲೇ ಮನಸ್ಸಿನಲ್ಲಿ ಹೊರಟುಹೋಗುವುದು ಅದಕ್ಕೇ.